ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ರೋಗ್ರಾಮಿನೊಳಗಿಂದ ಶೆಲ್ ಕಮಾಂಡ್

ಲಿನಕ್ಸ್, ಬಿಎಸ್‌ಡಿ, ಮ್ಯಾಕ್‌ನಂಥ ಯುನಿಕ್ಸ್ ಬಳಗದ ಯಂತ್ರಗಳಲ್ಲಿ ಒಂದು ಪ್ರೋಗ್ರಾಮಿನಿಂದ ಇನ್ನೊಂದನ್ನು ಓಡಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಮಾಂಡುಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಅಚ್ಚು ಹಾಕಿದೆ. ಟೈಪ್ ಮಾಡುವಾಗ ಮ್ಯಾನುಯಲ್‌ನಲ್ಲಿರುವ ಇಂಗ್ಲಿಷ್ ಕಾಗುಣಿತವನ್ನೇ ಬಳಸಿ. ಅಂಕಿ, ಚಿಹ್ನೆಗಳು ಮಾತ್ರ ಇಲ್ಲಿ ಇದ್ದಂತೆಯೇ.

ಪ್ರಶ್ನೆ: ಸಿ ಪ್ರೋಗ್ರಾಮಿನಲ್ಲಿ ಸಿಸ್ಟಮ್() ಬಳಸಿ ಮೊದಲು ‘ಸಿಡಿ /ಟಿಎಂಪಿ/ಕೆಲಸ’ ಅಂತ ಕೊಟ್ಟೆ. ಮುಂದಿನ ಸಾಲಿಗೆ ಇನ್ನೊಂದು ಸಿಸ್ಟಮ್() ಬರೆದು ‘ಎಲ್‌ಎಸ್’ ಕೊಟ್ಟರೆ ಹಳೇ ಫೋಲ್ಡರಿನ ಪಟ್ಟೀನ ಬರತದ. ಮತ್ತೊಂದು, ಕಮಾಂಡ್ ಫೇಲಾದಾಗ 1 ಬರಬೇಕಾದಲ್ಲಿ 256 ಬರತದ. ಹಿಂಗ್ಯಾಕ?
— ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಸಿಸ್ಟಮ್() ಕರೆದಾಗಲೆಲ್ಲ ಮೂರು ಕೆಲಸ ನಡೆಯುತ್ತವೆ. ನಿಮ್ಮ ಪ್ರೋಗ್ರಾಮು ಫೋರ್ಕ್ ಮಾಡಿ, ಅಂದರೆ ತನ್ನದೇ ನಕಲು ತೆಗೆದು, ಒಂದು ಚೈಲ್ಡ್ ಪ್ರೊಸೆಸ್ ಹುಟ್ಟಿಸುತ್ತದೆ. ಆ ಚೈಲ್ಡು ‘/ಬಿನ್/ಎಸ್‌ಎಚ್ -ಸಿ’ ಎಂದು ಶೆಲ್ಲಾಗಿ (ಕಮಾಂಡ್ ಸಾಲುಗಳನ್ನು ಓದಿ ಓಡಿಸುವ ಪ್ರೋಗ್ರಾಮಾಗಿ) ಮಾರ್ಪಟ್ಟು ನೀವು ಕೊಟ್ಟ ಸಾಲನ್ನು ಓಡಿಸುತ್ತದೆ. ಅದು ಮುಗಿಯುವವರೆಗೆ ಪೇರೆಂಟ್, ಅಂದರೆ ನಿಮ್ಮ ಪ್ರೋಗ್ರಾಮು, ಕಾಯುತ್ತದೆ. ‘ಸಿಡಿ’ ಬದಲಿಸಿದ್ದು ಆ ಚೈಲ್ಡಿನ ಫೋಲ್ಡರನ್ನು. ಚೈಲ್ಡ್ ಸತ್ತಿತು, ಬದಲಾವಣೆಯೂ ಅದರ ಜೊತೆಗೇ ಹೋಯಿತು. ಎರಡನೇ ಸಿಸ್ಟಮ್() ಹುಟ್ಟಿಸುವುದು ಬೇರೆಯೇ ಶೆಲ್ಲನ್ನು. ‘ಎಕ್ಸ್‌ಪೋರ್ಟ್’ ಮಾಡಿದ ವೇರಿಯಬಲ್, ಹೊಸ ಫೈಲುಗಳ ಅನುಮತಿ ನಿರ್ಧರಿಸುವ ‘ಯುಮಾಸ್ಕ್’, ಎಲ್ಲಕ್ಕೂ ಇದೇ ಗತಿ.

ಫೋಲ್ಡರು ಬದಲಾಗಲೇಬೇಕಿದ್ದರೆ ನಿಮ್ಮ ಪ್ರೋಗ್ರಾಮಿನಲ್ಲೇ ಸಿಎಚ್‌ಡಿರ್() ಕರೆಯಿರಿ, ಅದು ಮರಳಿಸುವ ಬೆಲೆಯನ್ನು ನೋಡಿ. ಇಲ್ಲವೇ ಒಂದೇ ಸಾಲಿನಲ್ಲಿ ‘ಸಿಡಿ /ಟಿಎಂಪಿ/ಕೆಲಸ && ಎಲ್‌ಎಸ್’ ಎಂದು ಬರೆಯಿರಿ. ನಡುವೆ ಇರಬೇಕಾದದ್ದು && , ಅರ್ಧವಿರಾಮ (;) ಅಲ್ಲ. ‘ಸಿಡಿ’ ಆಗದಿದ್ದರೆ && ಅಲ್ಲಿಗೇ ನಿಲ್ಲಿಸುತ್ತದೆ; ಅರ್ಧವಿರಾಮ ಹಾಕಿದರೆ ಶೆಲ್ಲು ಮುಂದಕ್ಕೆ ಹೋಗುತ್ತದೆ. ‘ಎಲ್‌ಎಸ್’ ಇದ್ದಲ್ಲಿ ‘ಆರ್‌ಎಂ -ಆರ್‌ಎಫ್ *’ ಇತ್ತು ಅಂದುಕೊಳ್ಳಿ, ಅಳಿಸುವುದು ಯಾವ ಫೋಲ್ಡರನ್ನು ಎಂದು ಹೇಳಬೇಕಿಲ್ಲ.

256ರ ವಿಷಯ. ಸಿಸ್ಟಮ್() ಕೊಡುವುದು ಎಕ್ಸಿಟ್ ಕೋಡನ್ನಲ್ಲ (ಮುಗಿಯುವಾಗ ಕಮಾಂಡು ಹೇಳುವ ಸಂಖ್ಯೆ; 0 ಅಂದರೆ ಯಶಸ್ಸು), ಕರ್ನಲ್ಲಿನ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ, ವೇಟ್ ಸ್ಟೇಟಸ್ಸನ್ನು. ಅದರಲ್ಲಿ ಎಕ್ಸಿಟ್ ಕೋಡ್ ಎಂಟು ಬಿಟ್ ಮೇಲೆ ಕೂತಿರುತ್ತದೆ: 1 ಇದ್ದದ್ದು 256, 2 ಇದ್ದದ್ದು 512, 127 ಇದ್ದದ್ದು 32512 ಆಗಿ ಕಾಣುತ್ತದೆ. ಕೆಳಗಿನ ಬಿಟ್‌ಗಳಲ್ಲಿ ಇರುವುದು ಚೈಲ್ಡನ್ನು ಕೊಂದ ಸಿಗ್ನಲ್ಲಿನ ಸಂಖ್ಯೆ. 256ರಿಂದ ಭಾಗಿಸುವ ಚಾಳಿ ಬೇಡ. ಸಿಸ್/ವೇಟ್.ಎಚ್ ಸೇರಿಸಿಕೊಂಡು, ಮೊದಲು ಡಬ್ಲ್ಯುಇಫ್‌ಎಕ್ಸಿಟೆಡ್ (ತಾನಾಗಿ ಮುಗಿಯಿತೇ) ಎಂದು ಕೇಳಿ, ಹೌದಾದರೆ ಡಬ್ಲ್ಯುಎಕ್ಸಿಟ್‌ಸ್ಟೇಟಸ್ ತೆಗೆಯಿರಿ. ಡಬ್ಲ್ಯುಇಫ್‌ಸಿಗ್ನಲ್ಡ್ ಹೌದಾದರೆ ಸಿಗ್ನಲ್ಲಿಗೆ ಬಲಿಯಾಗಿದೆ. -1 ಬಂದರೆ ಫೋರ್ಕೇ ಆಗಿಲ್ಲ ಅಥವಾ ಕಾಯುವುದರಲ್ಲಿ ತಪ್ಪಿದೆ ಎಂದರ್ಥ, ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಪೈಥಾನ್‌ನ ಓಎಸ್.ಸಿಸ್ಟಮ್ ಕೂಡ ಯುನಿಕ್ಸ್‌ನಲ್ಲಿ ಇದೇ ಕಚ್ಚಾ ಬೆಲೆಯನ್ನು ಕೊಡುತ್ತದೆ, 3.9ನೇ ಆವೃತ್ತಿಯಿಂದ ಓಎಸ್.ವೇಟ್‌ಸ್ಟೇಟಸ್_ಟು_ಎಕ್ಸಿಟ್‌ಕೋಡ್ ಇದೆ.

ನೀವು ಕೇಳದಿದ್ದರೂ ಒಂದು ಮಾತು. ಸಿಸ್ಟಮ್() ನಡೆಯುತ್ತಿರುವಾಗ ಪೇರೆಂಟಿಗೆ ಕಂಟ್ರೋಲ್-ಸಿ ತಟ್ಟುವುದಿಲ್ಲ, ಚೈಲ್ಡಿಗೆ ಮಾತ್ರ ತಟ್ಟುತ್ತದೆ. ಲೂಪಿನಲ್ಲಿ ನೂರು ಸಲ ಸಿಸ್ಟಮ್() ಕರೆದಿದ್ದರೆ ಒಂದು ಚೈಲ್ಡು ಸತ್ತು, ಮರುಕ್ಷಣ ಮುಂದಿನದು ಶುರುವಾಗುತ್ತದೆ. ನಿಲ್ಲಿಸಲು ಬಾರದೆ ಟರ್ಮಿನಲ್ಲನ್ನೇ ಮುಚ್ಚುವವರಿದ್ದಾರೆ. ಲೂಪಿನೊಳಗೆ ಸ್ಟೇಟಸ್ ನೋಡಿ, ಸಿಗ್ನಲ್ 2 ಅಥವಾ 3ರಿಂದ ಸತ್ತಿದ್ದರೆ ಹೊರಬನ್ನಿ.

ಪ್ರಶ್ನೆ: ನಮ್ಮದು ಪ್ರಿಂಟಿಂಗ್ ಪ್ರೆಸ್. ಗಿರಾಕಿಗಳು ಕಳಿಸಿದ ಪಿಡಿಎಫ್‌ಗಳನ್ನು ಚಿತ್ರಗಳಾಗಿ ಮಾಡಲು ಪೈಥಾನ್‌ನಿಂದ ‘ಪಿಡಿಎಫ್‌ಟುಪಿಪಿಎಂ -ಆರ್ 300 -ಪಿಎನ್‌ಜಿ’ ಓಡಿಸುತ್ತೇವೆ. ಕೆಲವು ಫೈಲು ಸುಸೂತ್ರ ಆಗುತ್ತವೆ. ಕೆಲವಕ್ಕೆ ‘ಸಿಗಲಿಲ್ಲ’ ಎಂಬ ಎರರ್, ಕೆಲವಕ್ಕೆ ಕಂಸದ ಮೇಲೆ ಸಿಂಟ್ಯಾಕ್ಸ್ ಎರರ್. ಫೈಲು ಮಾತ್ರ ಕಣ್ಣೆದುರೇ ಇರುತ್ತದೆ.
— ಮುದ್ರಕರು, ಗದಗ

ಫೈಲು ನೆಟ್ಟಗಿದೆ, ಹೆಸರು ಶೆಲ್ಲಿನ ಕೈಗೆ ಸಿಕ್ಕಿದೆ. ಹೆಸರನ್ನು ಸಾಲಿನೊಳಗೆ ಜೋಡಿಸಿ ಪೈಥಾನ್‌ನ ಸಬ್‌ಪ್ರೊಸೆಸ್‌ಗೆ ಶೆಲ್=ಟ್ರೂ (ಶೆಲ್ಲಿನ ಮೂಲಕ ಓಡಿಸು) ಎಂದು ಕೊಟ್ಟಾಗ, ಶೆಲ್ಲು ಮೊದಲು ಆ ಸಾಲನ್ನು ತನ್ನ ವ್ಯಾಕರಣದ ಪ್ರಕಾರ ಒಡೆಯುತ್ತದೆ. ನೀವು ಕಳಿಸಿದ ಪಟ್ಟಿಯಲ್ಲಿರುವ ‘ವಧು & ವರ.ಪಿಡಿಎಫ್’ ಎಂಬ ಹೆಸರನ್ನೇ ನೋಡಿ. & ಅಂದರೆ ‘ಇಲ್ಲಿವರೆಗಿನದನ್ನು ಹಿಂದೆ ಓಡಿಸು’. ಹಾಗಾಗಿ ‘ವಧು’ ಎಂಬ ಇಲ್ಲದ ಫೈಲನ್ನು ಹಿಡಿದು ಪಿಡಿಎಫ್‌ಟುಪಿಪಿಎಂ ಹಿನ್ನೆಲೆಗೆ ಹೋಗುತ್ತದೆ. ಬಳಿಕ ‘ವರ.ಪಿಡಿಎಫ್’ ಎಂಬುದನ್ನೇ ಒಂದು ಕಮಾಂಡ್ ಎಂದು ತಿಳಿದು ಶೆಲ್ಲು ಹುಡುಕಾಡುತ್ತದೆ, ಸಿಗದೆ 127 ಹೇಳುತ್ತದೆ. ‘ಕಾರ್ಡ್ (ಹೊಸದು).ಪಿಡಿಎಫ್’ ಇದ್ದರೆ ಕಂಸ ಕಂಡಲ್ಲೇ ನಿಲ್ಲುತ್ತದೆ, ಒಂದು ಕಮಾಂಡೂ ಓಡುವುದಿಲ್ಲ. ಬರೀ ಸ್ಪೇಸ್ ಇದ್ದರೆ ಒಂದು ಹೆಸರು ಎರಡಾಗುತ್ತದೆ.

ಡಬಲ್ ಕೋಟಿನಲ್ಲಿ ಹಾಕಿದರೆ ಸಾಕು ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಸಾಲದು. ಡಬಲ್ ಕೋಟಿನೊಳಗೂ $, ಬ್ಯಾಕ್‌ಟಿಕ್ (`), \ ಮತ್ತು ಡಬಲ್ ಕೋಟು ಜೀವಂತ. ಹೆಸರಿನಲ್ಲೇ $(...) ಇಟ್ಟು ಯಾರಾದರೂ ಕಳಿಸಿದರೆ ಆವರಣದೊಳಗಿನದು ನಿಮ್ಮ ಯಂತ್ರದಲ್ಲಿ ಕಮಾಂಡಾಗಿ ಓಡುತ್ತದೆ. ಹೊರಗಿನವರಿಂದ ಫೈಲು ಪಡೆಯುವ ಪ್ರೆಸ್ಸಿಗೆ ಇದು ಕಾಗದದ ಮೇಲಿನ ಭಯವಲ್ಲ.

ಸರಿಯಾದ ದಾರಿ ಎಂದರೆ ಶೆಲ್ಲನ್ನು ನಡುವಿನಿಂದ ತೆಗೆಯುವುದು. ಸಬ್‌ಪ್ರೊಸೆಸ್.ರನ್‌ಗೆ ಸಾಲಿನ ಬದಲು ಪಟ್ಟಿ ಕೊಡಿ:

['ಪಿಡಿಎಫ್‌ಟುಪಿಪಿಎಂ', '-ಆರ್', '300', '-ಪಿಎನ್‌ಜಿ', ಹೆಸರು, 'ಪುಟ']

ಜೊತೆಗೆ ಚೆಕ್=ಟ್ರೂ, ಕಮಾಂಡ್ ಸೋತರೆ ಎರರ್ ಬರಲಿ ಎಂದು. ಶೆಲ್=ಟ್ರೂ ತೆಗೆದುಹಾಕಿ. ಪಟ್ಟಿಯ ಒಂದೊಂದು ತುಂಡೂ ಒಂದೊಂದು ಆರ್ಗ್ಯುಮೆಂಟಾಗಿ, ಒಂದು ಅಕ್ಷರವೂ ಬದಲಾಗದೆ, ನೇರ ಪ್ರೋಗ್ರಾಮಿಗೆ ತಲುಪುತ್ತದೆ. ಸ್ಪೇಸ್, ಕಂಸ, & ಯಾವುದಕ್ಕೂ ಅರ್ಥವಿರುವುದಿಲ್ಲ. ಸಿ ಭಾಷೆಯಲ್ಲಾದರೆ ಫೋರ್ಕ್, ಎಕ್ಸೆಕ್‌ವಿಪಿ, ವೇಟ್‌ಪಿಡ್, ಅಥವಾ ಪೋಸಿಕ್ಸ್_ಸ್ಪಾನ್‌ಪಿ.

ಹೀಗೆ ಬದಲಿಸಿದ ಮೇಲೆ ಮೂರು ಕಡೆ ಎಡವುತ್ತಾರೆ. ಪಟ್ಟಿಯನ್ನೂ ಕೊಟ್ಟು ಶೆಲ್=ಟ್ರೂ ಅನ್ನೂ ಉಳಿಸಿಕೊಂಡರೆ ಮೊದಲ ತುಂಡು ಮಾತ್ರ ಕಮಾಂಡ್ ಆಗುತ್ತದೆ; ['ಎಲ್‌ಎಸ್', '-ಎಲ್'] ಕೊಟ್ಟರೆ ಬರೀ ‘ಎಲ್‌ಎಸ್’ ಓಡಿ ‘-ಎಲ್’ ಸದ್ದಿಲ್ಲದೆ ಮಾಯ. ಎರಡನೆಯದು, * ಮತ್ತು ~ ಬಿಡಿಸುತ್ತಿದ್ದದ್ದು ಶೆಲ್ಲು. ಶೆಲ್ಲು ಹೋದ ಮೇಲೆ ‘*.ಪಿಡಿಎಫ್’ ಎಂಬುದು ನಕ್ಷತ್ರವಿರುವ ಒಂದು ಹೆಸರು ಅಷ್ಟೇ, ಗ್ಲಾಬ್ ಮಾಡ್ಯೂಲ್ ಬಳಸಿ ನೀವೇ ಬಿಡಿಸಿ. ಮೂರನೆಯದು, ಹೈಫನ್ನಿನಿಂದ ಶುರುವಾಗುವ ಹೆಸರು. ಅದನ್ನು ಶೆಲ್ಲಲ್ಲ, ಪ್ರೋಗ್ರಾಮೇ ಆಪ್ಷನ್ ಎಂದು ಓದುತ್ತದೆ. ‘--’ ಇಟ್ಟರೆ ಆಪ್ಷನ್ ಮುಗಿಯಿತು ಎಂದು ಬಹಳಷ್ಟು ಪ್ರೋಗ್ರಾಮುಗಳಿಗೆ ಗೊತ್ತು, ಎಲ್ಲಕ್ಕೂ ಗೊತ್ತಿಲ್ಲ. ಹೆಸರಿನ ಮುಂದೆ ‘./’ ಸೇರಿಸಿದರೆ ಅಥವಾ ಪೂರ್ತಿ ದಾರಿ ಕೊಟ್ಟರೆ ಎಲ್ಲ ಕಡೆ ನಡೆಯುತ್ತದೆ.

ಪೈಪು (ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸುವ |) ಗೀಪು ಬೇಕಾಗಿ ಶೆಲ್ಲು ಬಿಡಲಾಗದಿದ್ದರೆ ಎಸ್‌ಎಚ್‌ಲೆಕ್ಸ್.ಕೋಟ್ ಇದೆ. ಅದು ಹೆಸರನ್ನು ಸಿಂಗಲ್ ಕೋಟಿನಲ್ಲಿಟ್ಟು, ಒಳಗಿನ ಸಿಂಗಲ್ ಕೋಟುಗಳನ್ನೂ ಸಂಭಾಳಿಸುತ್ತದೆ. ನೀವೇ ಕೈಯಾರೆ ಕೋಟು ಕಟ್ಟಲು ಹೋಗಬೇಡಿ.

ಪ್ರಶ್ನೆ: ಟರ್ಮಿನಲ್ಲಿನಲ್ಲಿ ನಡೆಯುವ [[ ... ]] ಪರೀಕ್ಷೆ ಪ್ರೋಗ್ರಾಮಿನಿಂದ ಓಡಿಸಿದರೆ ‘[[ ಸಿಗಲಿಲ್ಲ’ ಎನ್ನುತ್ತದೆ. ‘ಸೋರ್ಸ್’ ಕಮಾಂಡಿಗೂ ಹಾಗೇ.
— ಗೋಕುಲ ರಸ್ತೆ, ಹುಬ್ಬಳ್ಳಿ

ನಿಮ್ಮ ಟರ್ಮಿನಲ್ಲಿನಲ್ಲಿ ಇರುವುದು ಬ್ಯಾಶ್. ಪ್ರೋಗ್ರಾಮು ಕರೆಯುವುದು /ಬಿನ್/ಎಸ್‌ಎಚ್ ಅನ್ನು. ಉಬುಂಟುವಿನಲ್ಲಿ 2006ರ 6.10ನೇ ಆವೃತ್ತಿಯಿಂದ ಅದು ಡ್ಯಾಶ್. ಡ್ಯಾಶ್ ಚಿಕ್ಕದು, ಚುರುಕು, ಬ್ಯಾಶಿನ ಹೆಚ್ಚುವರಿ ಅನುಕೂಲಗಳು ಅದಕ್ಕೆ ಬಾರವು. [[ ಬದಲು [ , ‘ಸೋರ್ಸ್’ ಬದಲು ಒಂದು ಚುಕ್ಕಿ, ಇಷ್ಟಕ್ಕೇ ಬಹುಪಾಲು ಸ್ಕ್ರಿಪ್ಟು ಸರಿಹೋಗುತ್ತವೆ. ಬ್ಯಾಶೇ ಬೇಕಿದ್ದರೆ ['/ಬಿನ್/ಬ್ಯಾಶ್', '-ಸಿ', ಸಾಲು] ಎಂದು ಹೆಸರಿಟ್ಟು ಕರೆಯಿರಿ. ರೆಡ್‌ಹ್ಯಾಟ್ ಬಳಗದಲ್ಲಿ ಎಸ್‌ಎಚ್ ಎಂಬ ಹೆಸರಿನ ಹಿಂದೆ ಬ್ಯಾಶೇ ಕೂತಿರುವುದರಿಂದ ಅಲ್ಲಿ ಈ ತಪ್ಪು ಹೊರಬೀಳುವುದೇ ಇಲ್ಲ.

ಪ್ರಶ್ನೆ: ನಮ್ಮ ವೆಬ್‌ಸೈಟ್ ಪಿಎಚ್‌ಪಿಯದು. ಇಂಗ್ಲಿಷ್ ಹೆಸರಿನ ಫೈಲುಗಳ ಮೇಲೆ ಕಮಾಂಡ್ ಓಡುತ್ತದೆ. ಕನ್ನಡ ಹೆಸರಿದ್ದರೆ ಎಸ್ಕೇಪ್‌ಶೆಲ್‌ಆರ್ಗ್() ದಾಟಿದ ಮೇಲೆ ಹೆಸರೇ ಇರುವುದಿಲ್ಲ, ‘.ಜೆಪಿಜಿ’ ಮಾತ್ರ ಉಳಿಯುತ್ತದೆ.
— ವಿದ್ಯಾನಗರ, ಹುಬ್ಬಳ್ಳಿ

ಇದು ಕನ್ನಡದವರಿಗೇ ಹೆಚ್ಚು ಕಾಡುವ ತೊಂದರೆ. ಆ ಫಂಕ್ಷನ್ ಆಗಿನ ಲೊಕೇಲಿಗೆ (ಭಾಷೆ, ಅಕ್ಷರಗಳ ಸೆಟ್ಟಿಂಗ್) ತಿಳಿಯದ ಬೈಟ್‌ಗಳನ್ನು ಎಸೆದುಬಿಡುತ್ತದೆ. ವೆಬ್ ಸರ್ವರಿನಡಿ ಓಡುವ ಪಿಎಚ್‌ಪಿಯ ಲೊಕೇಲ್ ಸಾಮಾನ್ಯವಾಗಿ ಬರೀ ‘ಸಿ’, ಅದಕ್ಕೆ ಇಂಗ್ಲಿಷ್ ಅಕ್ಷರಗಳಾಚೆ ಏನೂ ಗೊತ್ತಿಲ್ಲ. ಮೊದಲಿಗೇ ಸೆಟ್‌ಲೊಕೇಲ್(ಎಲ್‌ಸಿ_ಸಿಟೈಪ್, 'ಸಿ.ಯುಟಿಎಫ್-8') ಹಾಕಿ. ಸುಳ್ಳು ಎಂದು ಮರಳಿ ಬಂದರೆ ಆ ಲೊಕೇಲ್ ನಿಮ್ಮ ಯಂತ್ರದಲ್ಲಿಲ್ಲ. ‘ಲೊಕೇಲ್ -ಎ’ ಕೊಟ್ಟು ಇರುವುದನ್ನು ಆರಿಸಿ. ಪಿಎಚ್‌ಪಿ 7.4 ಅಥವಾ ನಂತರದ್ದಾದರೆ ಇದಕ್ಕಿಂತ ಒಳ್ಳೆಯ ದಾರಿ ಇದೆ: ಪ್ರೊಕ್_ಓಪನ್()ಗೆ ಸಾಲಿನ ಬದಲು ಅರೇ ಕೊಡಬಹುದು. ಆಗ ಶೆಲ್ಲೂ ಇಲ್ಲ, ಎಸ್ಕೇಪೂ ಇಲ್ಲ.

ಲೂಪಿನಲ್ಲಿ ಎಕ್ಸೆಕ್() ಬಳಸುತ್ತಿದ್ದೀರಿ ಎಂದು ನಿಮ್ಮ ಕೋಡಿನಿಂದ ತಿಳಿಯಿತು. ಎರಡನೇ ಆರ್ಗ್ಯುಮೆಂಟಿನ ಅರೇಯನ್ನು ಅದು ಖಾಲಿ ಮಾಡುವುದಿಲ್ಲ, ಹಳೆಯದರ ಕೆಳಗೇ ಹೊಸದನ್ನು ಸೇರಿಸುತ್ತ ಹೋಗುತ್ತದೆ. ಪ್ರತಿ ಸುತ್ತಿಗೂ ನೀವೇ ಖಾಲಿ ಮಾಡಿ.

ಕನ್ನಡ ಹೆಸರುಗಳ ಬಗ್ಗೆ ಇನ್ನೂ ಸ್ವಲ್ಪ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಗುಣಿತ ಚಿಹ್ನೆ, ಹಲಂತ ಚಿಹ್ನೆಯಾದ ‘್’ ಎಲ್ಲ ಬೇರೆ ಬೇರೆ ಸಂಕೇತಗಳು, ಹೀಗಾಗಿ ‘ಹುಬ್ಬಳ್ಳಿ’ ಎಂಬುದರಲ್ಲಿ 9 ಸಂಕೇತ, 27 ಬೈಟ್. ಲಿನಕ್ಸಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ ಒಂದು ಹೆಸರಿಗೆ ಮಿತಿ 255 ಬೈಟ್, ಅಂದರೆ 85 ಸಂಕೇತ. ಒಂದು ಲೇಖನದ ತಲೆಬರಹವನ್ನೇ ಹೆಸರಾಗಿಸಿದರೆ ಸಲೀಸಾಗಿ ದಾಟುತ್ತದೆ. ಕಣ್ಣಿಗೆ ಒಂದೇ ಕಂಡರೂ ಹೆಸರು ಹೊಂದದಿದ್ದರೆ ಎರಡು ಅನುಮಾನ: ಅರ್ಧಾಕ್ಷರ ಬಿಡಿಸಲು ಕೀಬೋರ್ಡು ಸೇರಿಸಿದ ಕಾಣದ ಶೂನ್ಯ ಅಗಲದ ಸಂಕೇತ, ಅಥವಾ ‘ೋ’ದಂಥ ಚಿಹ್ನೆ ಒಂದು ಕಡೆ ಇಡಿಯಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಕೂತಿರುವುದು. ಹಳೇ ಮ್ಯಾಕಿನ ಎಚ್‌ಎಫ್‌ಎಸ್+ ಡಿಸ್ಕಿನಿಂದ ಬಂದ ಹೆಸರುಗಳಲ್ಲಿ ಎರಡನೆಯದು ಇದ್ದೇ ಇರುತ್ತದೆ. ಹೆಸರನ್ನು ‘ಓಡಿ -ಸಿ’ಗೆ ಹಾಕಿ ಬೈಟ್ ನೋಡಿದರೆ ಗುಟ್ಟು ರಟ್ಟಾಗುತ್ತದೆ.

ಪ್ರಶ್ನೆ: ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕದ ಡೇಟಾಬೇಸ್. ರಾತ್ರಿ ಪೈಥಾನ್ ಸ್ಕ್ರಿಪ್ಟು ‘ಮೈಎಸ್‌ಕ್ಯುಎಲ್‌ಡಂಪ್ | ಜಿಜಿಪ್ > ಬ್ಯಾಕಪ್’ ಓಡಿಸುತ್ತದೆ, ದಿನಾ ‘ಯಶಸ್ವಿ’ ಎಂದು ಬರೆಯುತ್ತದೆ. ಮೊನ್ನೆ ನೋಡಿದರೆ ಎಷ್ಟೋ ದಿನದ ಫೈಲುಗಳು ಬರೀ 20 ಬೈಟ್ ಇವೆ. ಎರರ್ ಬರಲಿಲ್ಲ ಯಾಕ?
— ಬ್ಯಾಡಗಿ, ಹಾವೇರಿ ಜಿಲ್ಲೆ

20 ಬೈಟ್ ಎಂದರೆ ಏನೂ ಇಲ್ಲದ್ದನ್ನು ಜಿಜಿಪ್ ಒತ್ತಿಟ್ಟ ಗಾತ್ರ: 10 ಬೈಟ್ ತಲೆ, 2 ಬೈಟ್ ಖಾಲಿ ಒಡಲು, 8 ಬೈಟ್ ಬಾಲ. ಡಂಪು ಶುರುವಿನಲ್ಲೇ ಸೋತಿದೆ. ಪಾಸ್‌ವರ್ಡ್ ಬದಲಾಗಿರಬಹುದು, ಸರ್ವರ್ ಎದ್ದಿರಲಿಕ್ಕಿಲ್ಲ. ಆದರೆ ಪೈಪಿನ ಸಾಲಿನ ಎಕ್ಸಿಟ್ ಕೋಡ್ ಎಂದರೆ ಕೊನೆಯ ಕಮಾಂಡಿನ ಎಕ್ಸಿಟ್ ಕೋಡ್. ಜಿಜಿಪ್ ತನ್ನ ಪಾಲಿನ ಕೆಲಸ ಮಾಡಿ 0 ಹೇಳಿತು. ‘ಜಿಜಿಪ್ -ಟಿ’ಯಿಂದ ಪರೀಕ್ಷಿಸಿದರೂ ಈ ಫೈಲು ಪಾಸಾಗುತ್ತದೆ, ಖಾಲಿಯಾದರೂ ಅದು ಕ್ರಮಬದ್ಧ ಜಿಜಿಪ್ ಫೈಲೇ.

ಬ್ಯಾಶಿನಲ್ಲಿ ‘ಸೆಟ್ -ಓ ಪೈಪ್‌ಫೇಲ್’ ಎಂದರೆ ಪೈಪಿನ ಯಾವ ಕಮಾಂಡು ಸೋತರೂ ಇಡೀ ಸಾಲು ಸೋತಂತೆ. ಉಬುಂಟುವಿನ ಡ್ಯಾಶ್‌ನ ಹಳೇ ಆವೃತ್ತಿಗಳು ಇದನ್ನು ಒಪ್ಪುವುದಿಲ್ಲ, ಬ್ಯಾಶನ್ನೇ ಕರೆಯಿರಿ. ಆದರೆ ಅಂಗಡಿಯ ಲೆಕ್ಕಕ್ಕೆ ನಮ್ಮ ಶಿಫಾರಸು ಪೈಪನ್ನೇ ಬಿಡುವುದು. ಡಿಸ್ಕಿನಲ್ಲಿ ಜಾಗವಿದ್ದರೆ ಹೀಗೆ ಮಾಡಿ: ಮೈಎಸ್‌ಕ್ಯುಎಲ್‌ಡಂಪ್‌ಗೆ ‘--ರಿಸಲ್ಟ್-ಫೈಲ್=’ ಕೊಟ್ಟು ತಾತ್ಕಾಲಿಕ ಹೆಸರಿಗೆ ಬರೆಸಿ. ಎಕ್ಸಿಟ್ ಕೋಡ್ 0 ಇದೆಯೇ ನೋಡಿ. ಆ ಫೈಲಿನ ಕೊನೆಯ ಸಾಲು ನೋಡಿ: ಡಂಪು ಪೂರ್ತಿಯಾದರೆ ‘ಡಂಪ್ ಕಂಪ್ಲೀಟೆಡ್’ ಎಂಬ ಟಿಪ್ಪಣಿ ಇಂಗ್ಲಿಷಿನಲ್ಲಿ ಇರುತ್ತದೆ, ಟಿಪ್ಪಣಿಗಳನ್ನು ನೀವೇ ಆಫ್ ಮಾಡಿರದಿದ್ದರೆ. ಆಮೇಲೆ ಜಿಜಿಪ್. ಅದೂ 0 ಕೊಟ್ಟ ಮೇಲೆ ಅದೇ ಡಿಸ್ಕಿನೊಳಗೆ ‘ಎಂವಿ’ ಮಾಡಿ ನಿಜವಾದ ಹೆಸರು ಕೊಡಿ. ಒಂದೇ ಫೈಲ್‌ಸಿಸ್ಟಮ್‌ನೊಳಗಿನ ಹೆಸರು ಬದಲಾವಣೆ ಅರ್ಧಕ್ಕೆ ನಿಲ್ಲುವಂಥದ್ದಲ್ಲ. ನಡುವೆ ಕರೆಂಟ್ ಹೋದರೂ ನಿನ್ನೆಯ ಒಳ್ಳೆ ಫೈಲಿನ ಮೇಲೆ ಅರೆಬರೆ ಫೈಲು ಕೂರುವುದಿಲ್ಲ.

ನಿಮ್ಮ ಸಾಲಿನಲ್ಲಿ ‘-ಪಿ’ಗೆ ಅಂಟಿಸಿ ಪಾಸ್‌ವರ್ಡ್ ಬರೆದಿದೆ. ಮೈಎಸ್‌ಕ್ಯುಎಲ್‌ಡಂಪ್ ತನ್ನ ಆರ್ಗ್ಯುಮೆಂಟಿನಲ್ಲಿ ಅದನ್ನು ಮುಚ್ಚಲು ನೋಡಿದರೂ, ಅದನ್ನು ಓಡಿಸಿದ ‘ಎಸ್‌ಎಚ್ -ಸಿ’ಯ ಸಾಲು ಡಂಪು ಮುಗಿಯುವವರೆಗೆ ‘ಪಿಎಸ್’ ಪಟ್ಟಿಯಲ್ಲಿ ಪೂರ್ತಿ ಕಾಣುತ್ತಿರುತ್ತದೆ. ಪಾಸ್‌ವರ್ಡನ್ನು ಒಂದು ಫೈಲಿನಲ್ಲಿಟ್ಟು, ಅದಕ್ಕೆ 600 ಅನುಮತಿ (ಒಡೆಯ ಮಾತ್ರ ಓದಿ ಬರೆಯಬಲ್ಲ) ಕೊಟ್ಟು, ‘--ಡಿಫಾಲ್ಟ್ಸ್-ಎಕ್ಸ್‌ಟ್ರಾ-ಫೈಲ್=’ ಮೂಲಕ ತೋರಿಸಿ. ಈ ಆಪ್ಷನ್ ಎಲ್ಲದಕ್ಕಿಂತ ಮೊದಲಿರಬೇಕು, ನಡುವೆ ಹಾಕಿದರೆ ಒಪ್ಪುವುದಿಲ್ಲ.

ಪ್ರಶ್ನೆ: ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಸೇವೆ) ಓಡಿದರೆ 127. ತಾರೀಖು ಹಾಕಿದ ಸಾಲಂತೂ ಅರ್ಧಕ್ಕೇ ತುಂಡಾಗುತ್ತದೆ.
— ಲಕ್ಷ್ಮೇಶ್ವರ, ಗದಗ ಜಿಲ್ಲೆ

127 ಅಂದರೆ ಕಮಾಂಡ್ ಸಿಗಲಿಲ್ಲ; 126 ಅಂದರೆ ಸಿಕ್ಕಿತು, ಓಡಿಸಲು ಆಗಲಿಲ್ಲ. ಟರ್ಮಿನಲ್ ತೆರೆದಾಗ ಬ್ಯಾಶ್ ಓದುವ ನಿಮ್ಮ .ಬ್ಯಾಶ್‌ಆರ್‌ಸಿ ಫೈಲನ್ನು ಕ್ರಾನ್ ಓದುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಅದು ಕೊಡುವ ಪಾತ್ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿ) ಬರೀ ‘/ಯುಎಸ್‌ಆರ್/ಬಿನ್:/ಬಿನ್’, /ಯುಎಸ್‌ಆರ್/ಲೋಕಲ್/ಬಿನ್ ಅದರಲ್ಲಿಲ್ಲ. ಕ್ರಾನ್‌ಟ್ಯಾಬಿನ ತಲೆಯಲ್ಲಿ ಪಾತ್ ಬರೆಯಿರಿ ಅಥವಾ ಪೂರ್ತಿ ದಾರಿ ಕೊಡಿ. ಮಧ್ಯರಾತ್ರಿಯವರೆಗೆ ಕಾಯದೆ ಈಗಲೇ ಪರೀಕ್ಷಿಸಲು ‘ಎನ್ವ್ -ಐ ಪಾತ್=/ಯುಎಸ್‌ಆರ್/ಬಿನ್:/ಬಿನ್ /ಬಿನ್/ಎಸ್‌ಎಚ್ -ಸಿ’ ಮುಂದೆ ನಿಮ್ಮ ಸಾಲು ಹಾಕಿ ನೋಡಿ, ಬಹುತೇಕ ಕ್ರಾನಿನಷ್ಟೇ ಬರಿಗೈಯ ಪರಿಸರ ಸಿಗುತ್ತದೆ.

ತುಂಡಾಗುವುದು % ಚಿಹ್ನೆಯಿಂದ. ಕ್ರಾನ್‌ಟ್ಯಾಬಿನಲ್ಲಿ % ಅಂದರೆ ಹೊಸ ಸಾಲು, ಮೊದಲ % ಆದ ಮೇಲಿನದೆಲ್ಲ ಕಮಾಂಡಿಗೆ ಇನ್‌ಪುಟ್ ಆಗಿ ಹೋಗುತ್ತದೆ. \% ಎಂದು ಬರೆಯಿರಿ, ಅಥವಾ ತಾರೀಖಿನ ಕೆಲಸವನ್ನು ಸ್ಕ್ರಿಪ್ಟಿನೊಳಕ್ಕೆ ಸರಿಸಿ. ಕೊನೆಗೆ ‘>> ಲಾಗ್ 2>&1’ ಇರಲಿ, ಇದೇ ಅನುಕ್ರಮದಲ್ಲಿ. ‘2>&1 >> ಲಾಗ್’ ಎಂದು ತಿರುವಿದರೆ ಎರರುಗಳು ಲಾಗಿಗೆ ಹೋಗುವುದಿಲ್ಲ: 2ನ್ನು 1ಕ್ಕೆ ಜೋಡಿಸಿದ ಹೊತ್ತಿಗೆ 1 ಇನ್ನೂ ಹಳೇ ಜಾಗವನ್ನೇ ತೋರಿಸುತ್ತಿರುತ್ತದೆ.

ಪ್ರಶ್ನೆ: ಪೈಥಾನ್‌ನ ಪೋಪೆನ್‌ನಿಂದ ಕಮಾಂಡ್ ಶುರು ಮಾಡಿ, ವೇಟ್() ಮಾಡಿ, ಆಮೇಲೆ ಔಟ್‌ಪುಟ್ ಓದುತ್ತೇನೆ. ಚಿಕ್ಕ ಫೈಲಿಗೆ ಸರಿ. ದೊಡ್ಡದಕ್ಕೆ ಎರಡೂ ಕಡೆ ಸುಮ್ಮನೆ ನಿಂತುಬಿಡುತ್ತವೆ.
— ನವನಗರ, ಹುಬ್ಬಳ್ಳಿ

ಲಿನಕ್ಸಿನಲ್ಲಿ ಪೈಪು ಹಿಡಿಯುವುದು ಸಾಮಾನ್ಯವಾಗಿ 65,536 ಬೈಟ್. ಅದು ತುಂಬಿದ ಮೇಲೆ ಚೈಲ್ಡು ಬರೆಯಲಾಗದೆ ನಿಲ್ಲುತ್ತದೆ. ನೀವು ಚೈಲ್ಡು ಮುಗಿಯಲಿ ಎಂದು ಕಾಯುತ್ತೀರಿ, ಅದು ನೀವು ಓದಲಿ ಎಂದು ಕಾಯುತ್ತದೆ. ಮೊದಲು ಓದಬೇಕು, ಆಮೇಲೆ ಕಾಯಬೇಕು. ಪೈಥಾನ್‌ನಲ್ಲಿ ಕಮ್ಯುನಿಕೇಟ್() ಎರಡನ್ನೂ ಸರಿಯಾಗಿ ಮಾಡುತ್ತದೆ. ಔಟ್‌ಪುಟ್ಟಿಗೊಂದು, ಎರರಿಗೊಂದು ಎಂದು ಎರಡು ಪೈಪಿಟ್ಟು ಮೊದಲು ಒಂದನ್ನು ಪೂರ್ತಿ ಓದಲು ಹೋದರೆ ಇನ್ನೊಂದು ತುಂಬಿ ಅದೇ ಬಿಕ್ಕಟ್ಟು. ಬೇರೆಬೇರೆ ಬೇಡವಾದರೆ ಎರಡನ್ನೂ ಒಂದೇ ಪೈಪಿಗೆ ಸೇರಿಸಿ. ಔಟ್‌ಪುಟ್ ಹತ್ತಾರು ಎಂಬಿ ಇದ್ದರೆ ಪೈಪೇ ಬೇಡ, ನೇರ ಫೈಲಿಗೆ ಬಿಡಿ.

‘ಸಾಲು ಬಂದಂತೆ ಕಾಣಬೇಕು, ಕೊನೆಗೆ ಗಂಟಾಗಿ ಬರುತ್ತದೆ’ ಎಂದೂ ಬರೆದಿದ್ದೀರಿ. ಅದು ಚೈಲ್ಡಿನ ಬಫರ್. ಟರ್ಮಿನಲ್ಲಿಗೆ ಬರೆಯುವಾಗ ಸಾಲು ಸಾಲಾಗಿ ಕಳಿಸುವ ಪ್ರೋಗ್ರಾಮು, ಎದುರಿಗೆ ಪೈಪು ಕಂಡರೆ ಕೂಡಿಟ್ಟು ಕಳಿಸುತ್ತದೆ. ‘ಎಸ್‌ಟಿಡಿಬಫ್ -ಓಎಲ್’ ಮುಂದಿಟ್ಟು ಓಡಿಸಿ. ಚೈಲ್ಡು ಪೈಥಾನ್ ಆಗಿದ್ದರೆ ‘ಪೈಥಾನ್3 -ಯು’.

ಪ್ರಶ್ನೆ: ಮದುವೆ ವಿಡಿಯೊಗಳ ಪಟ್ಟಿಯನ್ನು ‘ವೈಲ್ ರೀಡ್’ ಲೂಪಿನಲ್ಲಿ ಓದಿ ಎಫ್‌ಎಫ್‌ಎಂಪೆಗ್ ಓಡಿಸಿದರೆ ಮೊದಲನೆಯದು ಆಗುತ್ತದೆ, ಎರಡನೆಯದರ ಹೆಸರಿನ ಮೊದಲ ಅಕ್ಷರಗಳೇ ಹಾರಿಹೋಗಿರುತ್ತವೆ.
— ಸ್ಟುಡಿಯೊ, ರಾಣೆಬೆನ್ನೂರು

ಎಫ್‌ಎಫ್‌ಎಂಪೆಗ್ ಓಡುತ್ತಿರುವಾಗ ಕೀಲಿ ಒತ್ತಿ ನಿಲ್ಲಿಸುವ ಸೌಲಭ್ಯವಿದೆ, ಅದಕ್ಕಾಗಿ ಅದು ಸ್ಟ್ಯಾಂಡರ್ಡ್ ಇನ್‌ಪುಟ್ ಓದುತ್ತಿರುತ್ತದೆ. ನಿಮ್ಮ ಲೂಪಿನಲ್ಲಿ ಆ ಇನ್‌ಪುಟ್ ಎಂದರೆ ನಿಮ್ಮ ಪಟ್ಟಿ! ‘-ನೋಎಸ್‌ಟಿಡಿಇನ್’ ಕೊಡಿ, ಅಥವಾ ಕಮಾಂಡಿನ ಕೊನೆಗೆ ‘< /ಡೆವ್/ನಲ್’. ಎಸ್‌ಎಸ್‌ಎಚ್ ಕೂಡ ಹೀಗೇ ನುಂಗುತ್ತದೆ, ಅದಕ್ಕೆ ‘-ಎನ್’.

ಪ್ರಶ್ನೆ: ಪೈಥಾನ್‌ನಿಂದ ಓಡಿಸುವ ಕಮಾಂಡಿಗೆ 30 ಸೆಕೆಂಡಿನ ಟೈಮ್‌ಔಟ್ ಇಟ್ಟಿದ್ದೇನೆ. ಟೈಮ್‌ಔಟ್ ಆಯಿತು ಎಂದು ಬರುತ್ತದೆ, ಆದರೆ ಕಮಾಂಡು ಹಿಂದೆ ಓಡುತ್ತಲೇ ಇರುತ್ತದೆ.
— ಬೆಟಗೇರಿ, ಗದಗ

ಶೆಲ್=ಟ್ರೂ ಇದ್ದಾಗ ಸಾಯುವುದು ಶೆಲ್ಲು ಮಾತ್ರ, ಅದು ಹುಟ್ಟಿಸಿದ್ದು ಉಳಿದುಬಿಡಬಹುದು. ಶೆಲ್ಲು ತೆಗೆದರೆ ಅರ್ಧ ಸಮಸ್ಯೆ ಹೋಗುತ್ತದೆ. ಕಮಾಂಡೇ ಮಕ್ಕಳನ್ನು ಹುಟ್ಟಿಸುವಂಥದ್ದಾದರೆ ಪೋಪೆನ್‌ಗೆ ಸ್ಟಾರ್ಟ್_ನ್ಯೂ_ಸೆಷನ್=ಟ್ರೂ ಕೊಡಿ. ಹೊತ್ತು ಮೀರಿದಾಗ ಓಎಸ್.ಕಿಲ್‌ಪಿಜಿಯಿಂದ ಇಡೀ ಗುಂಪಿಗೆ ಸಿಗ್ನಲ್ 15 (ಮುಗಿಸು ಎಂಬ ಕೋರಿಕೆ) ಕಳಿಸಿ, ಐದು ಸೆಕೆಂಡು ಬಿಟ್ಟು ಉಳಿದಿದ್ದರೆ 9 (ನೇರ ಸಾವು). ಮೊದಲಿಗೇ 9 ಹೊಡೆದರೆ ತಾತ್ಕಾಲಿಕ ಫೈಲು, ಲಾಕ್ ಫೈಲುಗಳನ್ನು ಅಳಿಸಲು ಅದಕ್ಕೆ ಅವಕಾಶ ಸಿಗುವುದಿಲ್ಲ. ಕೋಡ್ ಬರೆಯಲು ಬೇಸರವಾದರೆ ‘ಟೈಮ್‌ಔಟ್ -ಕೆ 5 30’ ಎಂಬ ಸಿದ್ಧ ಕಮಾಂಡೇ ಇದೆ. ಹೊತ್ತು ಮೀರಿದರೆ ಅದು 124 ಕೊಡುತ್ತದೆ. 9ರವರೆಗೆ ಹೋಗಬೇಕಾಗಿ ಬಂದರೆ 137, ಅಂದರೆ 128+9.

ನೀವು ಯಾರನ್ನೂ ಕೊಲ್ಲದೆಯೇ 137 ಕಂಡರೆ ಮೆಮೊರಿ ಸಾಲದೆ ಕರ್ನಲ್ಲೇ ಕೊಂದಿರಬಹುದು, ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ‘ಡಿಮೆಸ್ಗ್’ ನೋಡಿ. ಪೈಥಾನ್‌ನಲ್ಲಿ ಶೆಲ್ಲಿಲ್ಲದೆ ಓಡಿಸಿದಾಗ ಅದೇ ಸಾವು -9 ಎಂದು ಕಾಣುತ್ತದೆ.

ಪ್ರಶ್ನೆ: ‘ಪಿಎಸ್’ನಲ್ಲಿ ‘ಡಿಫಂಕ್ಟ್’ ಎಂಬ ಪ್ರೊಸೆಸ್ಸುಗಳ ಸಾಲೇ ಇದೆ. ‘ಕಿಲ್ -9’ಕ್ಕೂ ಬಗ್ಗುವುದಿಲ್ಲ.
— ಹಾವೇರಿ

ಸತ್ತದ್ದನ್ನು ಮತ್ತೆ ಕೊಲ್ಲಲಾಗದು. ಅವುಗಳ ಎಕ್ಸಿಟ್ ಕೋಡನ್ನು ಪೇರೆಂಟ್ ಇನ್ನೂ ಕೇಳಿ ಪಡೆದಿಲ್ಲ, ಅದಕ್ಕೇ ಪಟ್ಟಿಯಲ್ಲಿವೆ. ಪೇರೆಂಟಿನಲ್ಲಿ ವೇಟ್‌ಪಿಡ್ ಕರೆಯಿರಿ. ಚೈಲ್ಡ್ ಸತ್ತ ಸುದ್ದಿ ತರುವ ಸಿಗ್‌ಚೈಲ್ಡ್ ಸಿಗ್ನಲ್ಲನ್ನು ಸಿಗ್_ಇಗ್ನ್ (ಕಡೆಗಣಿಸು) ಮಾಡಿದರೆ ತಾವಾಗಿ ಹೋಗುತ್ತವೆ ಎಂಬುದು ನಿಜವೇ, ಆದರೆ ಅದೇ ಪ್ರೋಗ್ರಾಮಿನಲ್ಲಿ ಮುಂದೆ ಸಿಸ್ಟಮ್() ಕರೆದರೆ ಕಮಾಂಡ್ ಚೆನ್ನಾಗಿ ಓಡಿಯೂ -1 ಬರುತ್ತದೆ, ಕಾಯಲು ಚೈಲ್ಡೇ ಸಿಗುವುದಿಲ್ಲವಲ್ಲ.

ಪ್ರಶ್ನೆ: ವೆಬ್ ಪುಟದ ಬಟನ್ ಒತ್ತಿದರೆ ಪ್ರಿಂಟ್ ಸರ್ವರ್ ಮರುಚಾಲನೆ ಆಗಬೇಕು. ರೂಟ್ (ಯಂತ್ರದ ಪೂರ್ಣ ಅಧಿಕಾರದ ಬಳಕೆದಾರ) ಆಗಿ ಕಮಾಂಡ್ ಓಡಿಸುವ ಸುಡೊ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ವೆಬ್ ಸರ್ವರನ್ನೇ ರೂಟ್ ಆಗಿ ಓಡಿಸಲೇ?
— ಕಾಲೇಜು ಲ್ಯಾಬ್, ಧಾರವಾಡ

ಖಂಡಿತ ಬೇಡ. ವೆಬ್ ಸರ್ವರ್ ಓಡುವ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಳಕೆದಾರನಿಗೆ ಆ ಒಂದೇ ಕಮಾಂಡಿಗೆ ಅನುಮತಿ ಕೊಡಿ. ‘ವಿಸುಡೊ -ಎಫ್ /ಇಟಿಸಿ/ಸುಡೊಯರ್ಸ್.ಡಿ/ಪ್ರಿಂಟ್’ ತೆರೆದು ಒಂದು ಸಾಲು:

ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಆಲ್=(ರೂಟ್) ನೋಪಾಸ್‌ವಡ್: /ಯುಎಸ್‌ಆರ್/ಬಿನ್/ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಕಪ್ಸ್

ಆರ್ಗ್ಯುಮೆಂಟುಗಳನ್ನೂ ಪೂರ್ತಿ ಬರೆದಿರುವುದರಿಂದ ಕಪ್ಸ್ (ಪ್ರಿಂಟ್ ಸರ್ವರ್) ಬಿಟ್ಟು ಬೇರೆ ಸೇವೆಯನ್ನು ಮುಟ್ಟಲು ಬರುವುದಿಲ್ಲ. ಕೊನೆಗೆ * ಹಾಕಿ ಸಡಿಲ ಬಿಡಬೇಡಿ. ಕಮಾಂಡಿನ ಜಾಗದಲ್ಲಿ ಸ್ಕ್ರಿಪ್ಟು ಇಟ್ಟರೆ ಆ ಸ್ಕ್ರಿಪ್ಟೂ ಅದಿರುವ ಫೋಲ್ಡರೂ ರೂಟಿನ ಒಡೆತನದಲ್ಲಿರಬೇಕು, ವೆಬ್ ಸರ್ವರಿಗೆ ತಿದ್ದಲು ಬರಬಾರದು. ಫೈಲಿನ ಹೆಸರಿನಲ್ಲಿ ಚುಕ್ಕಿ ಇದ್ದರೆ ಸುಡೊ ಅದನ್ನು ಓದುವುದೇ ಇಲ್ಲ, ‘ಪ್ರಿಂಟ್.ಕಾನ್ಫ್’ ಎಂದು ಹೆಸರಿಟ್ಟು ತಲೆ ಕೆಡಿಸಿಕೊಂಡವರು ಬಹಳ. ಪಿಎಚ್‌ಪಿಯಿಂದ ಕರೆಯುವಾಗ ‘ಸುಡೊ -ಎನ್’ ಬಳಸಿ: ಅನುಮತಿ ಇಲ್ಲದಿದ್ದರೆ ಪಾಸ್‌ವರ್ಡ್ ಕೇಳುತ್ತ ಕೂರದೆ ತಕ್ಷಣ ಎರರ್ ಕೊಟ್ಟು ಹೊರಬರುತ್ತದೆ. ಬಳಕೆದಾರ ಟೈಪಿಸಿದ ಯಾವ ಪದವೂ ಈ ಸಾಲಿನೊಳಗೆ ಸೇರದಿರಲಿ. ಪುಟದಿಂದ ಬರಬೇಕಾದದ್ದು ಬಟನ್ ಒತ್ತಿದ ಸುದ್ದಿ ಮಾತ್ರ.